ಮಲಕವ್ವ ಜಮಖಾನೆಯ ಮೇಲೆ ಕೂತಳು

ಈ ದೇಶದ ಸುಪ್ರೀಂ ಕೋರ್ಟು ಶುರುವಾಗಿ ಮೂವತ್ತೊಂಬತ್ತು ವರ್ಷ ಕಳೆಯುವವರೆಗೂ ಅಲ್ಲಿ ಒಬ್ಬ ಹೆಂಗಸೂ ನ್ಯಾಯಮೂರ್ತಿಯಾಗಿ ಕೂತಿರಲಿಲ್ಲ. ಗೊತ್ತಿಲ್ಲದಿದ್ದರೆ ತಿಳಿದುಕೊಳ್ಳಿ. ದೊಡ್ಡ ಕೋರ್ಟಿನ ಗತಿಯೇ ಹೀಗಿದ್ದ ಮೇಲೆ, ಬೆಂಗಳೂರಿನ ಪೀಣ್ಯದ ಶೀಟಿನ ಮನೆಗಳ ಸಾಲಿನಲ್ಲಿ ಮಲಕವ್ವನಿಗೆ ಕೂರಲು ಯಾರು ಜಾಗ ಬಿಟ್ಟಾರು?

ಕುಷ್ಟಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಗಂಡ ಸತ್ತ ಮೇಲೆ ಕಾರ್ಖಾನೆಯೊಂದರಲ್ಲಿ ಕಬ್ಬಿಣದ ಚೂರು ಗುಡಿಸುತ್ತ ಇಲ್ಲೇ ನೆಲೆನಿಂತವಳು ಆಕೆ. ಆಮೇಲೆ ಊರಿನಿಂದ ಬಂದವರಿಗೆಲ್ಲ ಬಾಡಿಗೆ ಖೋಲಿ ಹುಡುಕಿಕೊಟ್ಟವಳು, ಗೇಟಿನಲ್ಲಿ ನಿಂತು ಕೆಲಸ ಕೇಳಿ ಕೊಡಿಸಿದವಳು. ಆದರೆ ಭಾನುವಾರ ನೀರಿನ ಟ್ಯಾಂಕಿನ ಕೆಳಗೆ ಜಮಖಾನೆ ಹಾಸಿ ‘ದೈವ’ ಸೇರಿದಾಗ, ಅಂದರೆ ಊರಿನವರ ಜಗಳ ತೀರ್ಮಾನಿಸಲು ಹಿರಿಯರು ಕೂತಾಗ, ಆಕೆ ಉಳಿದ ಹೆಂಗಸರ ಜೊತೆ ನಲ್ಲಿಯ ಹತ್ತಿರ ನಿಲ್ಲಬೇಕಿತ್ತು. ದೈವದ ಮುಂದೆ ಹೆಂಗಸು ಬಾಯಿ ಬಿಡುವಂತಿಲ್ಲ. ಅವಳ ಮಾತನ್ನು ಅವಳ ಮನೆಯ ಗಂಡಸೇ ಆಡಬೇಕು. ಪಾತ್ರೆ ಪಡಗವನ್ನೆಲ್ಲ ಊರಲ್ಲೇ ಬಿಟ್ಟು ಬಂದವರು ಈ ಪದ್ಧತಿಯನ್ನು ಮಾತ್ರ ಜೋಪಾನವಾಗಿ ಕಟ್ಟಿಕೊಂಡು ಬಂದಿದ್ದರು.

ಹೋದ ಬೇಸಿಗೆಯ ಒಂದು ಭಾನುವಾರ ಹನುಮೇಶ ತನ್ನ ಹೆಂಡತಿ ದಾನೇಶ್ವರಿಯ ಮೇಲೆ ದೂರು ತಂದ. ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಮಷಿನ್ ನಡೆಸಲು ಕಲಿತಿದ್ದ ಅವಳು ಕೆಲಸ ಬಿಟ್ಟು ಊರಿಗೆ, ಅತ್ತೆಯ ಮನೆಗೆ ಹೋಗಬೇಕು ಎಂಬುದು ಅವನ ಹಟ. ದೈವ ಹೂಂ ಅಂದರೆ ಸೋಮವಾರವೇ ಬಸ್ಸು. ತನ್ನ ಮಾತು ಮುಗಿಸಿದವನೇ, ಪದ್ಧತಿಯಂತೆ ಹೆಂಡತಿಯ ಪರವಾಗಿಯೂ ತಾನೇ ಮಾತಾಡಿದ: ಅವಳಿಗೂ ಒಪ್ಪಿಗೆಯಂತೆ. ವಾದಿಯೂ ಅವನೇ, ಪ್ರತಿವಾದಿಯೂ ಅವನೇ. ಹಿರಿಯರು ತಲೆಯಾಡಿಸಿದರು. ನಲ್ಲಿಯ ಹತ್ತಿರ ದಾನೇಶ್ವರಿ ಇಲ್ಲ ಇಲ್ಲ ಎಂದು ಕೈಯಾಡಿಸುತ್ತಿದ್ದಳು; ನೋಡುವವರು ಯಾರು?

ಮಲಕವ್ವ ನೆಟ್ಟಗೆ ನಡೆದು ಬಂದು ಜಮಖಾನೆಯ ನಡುವೆ ಕೂತಳು.

“ಯಕ್ಕಾ, ಹೆಣ್ಮಕ್ಳು ದೈವದಾಗ ಕೂಡಂಗಿಲ್ಲ,” ಎಂದ ಹಿರಿಯರ ಮುಖಂಡ ಯಂಕಪ್ಪ.

“ನಿನಗ ಖೋಲಿ ಹುಡುಕಿ ಕೊಟ್ಟಾಗ ನಾ ಹೆಣ್ಮಗಳು ಅಂತ ನೆಪ್ಪಾಗಲಿಲ್ಲೇನೋ ಯಂಕಪ್ಪ? ಸರಿ ಅತ್ತಾಗ.”

ಯಂಕಪ್ಪ ಸರಿದ. ಮಲಕವ್ವ ಹನುಮೇಶನ ಕಡೆ ತಿರುಗಿದಳು. “ನೀ ಇಬ್ಬರ ಮಾತೂ ಆಡಿದಿ. ಈಗ ಇಬ್ಬರ ಮಾತೂ ಆಕಿ ಆಡ್ತಾಳ. ನೀ ಬಾಯಿ ಮುಚ್ಕೊಂಡು ನಲ್ಲಿ ಕಡೆ ನಿಂದ್ರು.”

ದಾನೇಶ್ವರಿ ಮುಂದೆ ಬಂದಳು. ಊರಿಗೆ ಹೋಗುವುದಿಲ್ಲ ಎಂದು ಮೊದಲು ತನ್ನ ಮಾತು ಹೇಳಿದಳು. ಆಮೇಲೆ ಗಂಡನ ಮಾತು. “ನಮ್ಮ ಮನಿಯವ್ರು ಹಿಂಗಂತಾರ್ರಿ: ಹೇಣ್ತಿ ಮಷಿನ್ ಮ್ಯಾಲ ನಿಂತಾಳ, ನಾ ಇನ್ನೂ ಹೆಲ್ಪರ್ ಅದೀನಿ. ಗೆಳ್ಯಾರು ನಗ್ತಾರ. ಬ್ಯಾರೆ ತಕರಾರು ಏನೂ ಇಲ್ಲ.”

ಮೊದಲು ನಕ್ಕದ್ದು ಹೆಂಗಸರು. ತಡೆಯಲಾಗದೆ ಹಿರಿಯರೂ ನಕ್ಕರು. ಅವಳು ಏನಾದರೂ ತಪ್ಪು ಹೇಳಿದಳೇ ಎಂದು ಮಲಕವ್ವ ಕೇಳಿದಾಗ ಹನುಮೇಶ ನಲ್ಲಿಯ ಹತ್ತಿರದಿಂದ ತಪ್ಪಿಲ್ಲ ಎಂದು ಕೈಯಾಡಿಸಿದ.

ಮಲಕವ್ವ ಕೊಟ್ಟ ತೀರ್ಪು ಚಿಕ್ಕದು. ದಾನೇಶ್ವರಿಯ ಕೆಲಸ ದಾನೇಶ್ವರಿಯದು. ಅದನ್ನು ಬಿಡಿಸಲು ಗಂಡನಿಗೂ ಹಕ್ಕಿಲ್ಲ, ದೈವಕ್ಕೂ ಇಲ್ಲ. ಇನ್ನು ಮೇಲೆ ಅವರವರ ಮಾತು ಅವರವರ ಬಾಯಿಂದಲೇ. ಯಂಕಪ್ಪನಿಗೂ ಹೂಂ ಅನ್ನದೆ ಗತಿಯಿರಲಿಲ್ಲ.

ಸೋಮವಾರ ದಾನೇಶ್ವರಿ ಮೊದಲ ಪಾಳಿಗೆ ಹೋದಳು. ಈಗ ಪ್ರತಿ ಭಾನುವಾರ ಮಲಕವ್ವ ನಡುವೆಯೇ ಕೂರುತ್ತಾಳೆ. ಪಕ್ಕದ ಸಾಲುಗಳ ವ್ಯಾಜ್ಯಗಳೂ ಅವಳನ್ನೇ ಹುಡುಕಿಕೊಂಡು ಬರುತ್ತವೆ. ಗಂಡಸರು ದೊಡ್ಡ ಮನಸ್ಸು ಮಾಡಿ ಜಾಗ ಕೊಟ್ಟರು ಎಂದು ಯಾರೂ ಹೊಗಳಬೇಕಾಗಿಲ್ಲ. ಆಕೆ ತೆಗೆದುಕೊಂಡಳು.

ನಿಮ್ಮ ಮನೆತನದಲ್ಲಿ, ನಿಮ್ಮ ಬಡಾವಣೆಯಲ್ಲಿ, ನಿಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲಿ ನ್ಯಾಯ ಹೇಳಲು ಕೂತವರಲ್ಲಿ ಹೆಂಗಸರೆಷ್ಟು? ಯಾರೂ ಇಲ್ಲದಿದ್ದರೆ, ಒಬ್ಬಳು ಬಂದು ಎಬ್ಬಿಸುವವರೆಗೆ ಕಾಯಬೇಡಿ. ಈ ಭಾನುವಾರವೇ ಎದ್ದು ಜಾಗ ಬಿಡಿ.