ಸೆತ್‌ನ ಹೆಂಡತಿ ಕೇಳಿದ ಗಸಗಸೆ ಹೂ

ಲ್ಯಾಂಕಶೈರಿನ ಆ ಗಿರಣಿ ಊರಿನಲ್ಲಿ ಮಹಾಯುದ್ಧ ಮುಗಿಯುವ ಹೊತ್ತಿಗೆ ವಿಧವೆಯಿಲ್ಲದ ಬೀದಿಯೇ ಉಳಿದಿರಲಿಲ್ಲ. ಮಗ್ಗದ ಕೆಲಸಕ್ಕೆ ಹೋಗುತ್ತಿದ್ದ ನೆಲ್ಲಿ ಹಾಲ್ರಾಯ್ಡ್ ಕೂಡ ವಿಧವೆಯೇ. ಆದರೆ ಅವಳ ಗಂಡ ಸೆತ್ ಸತ್ತದ್ದು ಜರ್ಮನ್ನರ ಗುಂಡಿಗಲ್ಲ. ಎರಡು ವರ್ಷ ಫ್ರಾನ್ಸಿನ ಕಂದಕಗಳಲ್ಲಿ ಕಾದಾಡಿದವನು, ಒಂದು ದಿನ ಫಿರಂಗಿಯ ಸದ್ದು ತಾಳಲಾರದೆ ಬಂದೂಕು ಎಸೆದು ನಡೆದುಬಿಟ್ಟ. ಹೇಡಿಯೆಂದು ತೀರ್ಪಾಯಿತು. ಅವನ ಸೈನ್ಯವೇ ಅವನನ್ನು ಕಂಬಕ್ಕೆ ಕಟ್ಟಿ ಗುಂಡು ಹೊಡೆಯಿತು. ಚರ್ಚಿನ ಮುಂದೆ ನಿಲ್ಲಿಸಿದ ಸ್ಮಾರಕದ ಕಲ್ಲಿನಲ್ಲಿ ಯುದ್ಧದಲ್ಲಿ ಸತ್ತ ಊರಿನ ಹುಡುಗರ ಹೆಸರೆಲ್ಲ ಬಂದವು, ಸೆತ್‌ನದು ಬರಲಿಲ್ಲ.

ಕೆಲವು ವರ್ಷಗಳ ಮೇಲೆ, ಯುದ್ಧ ನಿಂತ ದಿನವಾದ ನವೆಂಬರ್ ಹನ್ನೊಂದರ ಬೆಳಿಗ್ಗೆ, ನೆಲ್ಲಿ ಕೆಲಸ ಬಿಟ್ಟು ಚರ್ಚಿನ ಮುಂದಿನ ಚೌಕಕ್ಕೆ ಬಂದಳು. ದಿನಸಿ ಅಂಗಡಿಯ ಮಿಸೆಸ್ ಡಕ್ವರ್ತ್ ಕುತ್ತಿಗೆಗೆ ತಟ್ಟೆ ನೇತುಹಾಕಿಕೊಂಡು ಸತ್ತ ಸೈನಿಕರ ನೆನಪಿಗೆ ಎದೆಗೆ ಸಿಕ್ಕಿಸಿಕೊಳ್ಳುವ ಬಟ್ಟೆಯ ಕೆಂಪು ಗಸಗಸೆ ಹೂಗಳನ್ನು ಮಾರುತ್ತಿದ್ದಳು. ಕಲ್ಲಿನಲ್ಲಿ ಅವಳ ಮಗ ಹೆರಾಲ್ಡ್‌ನ ಹೆಸರಿತ್ತು.

"ನಿನಗೆ ಕೊಡಲ್ಲ ನೆಲ್ಲಿ. ಇದು ಹೋರಾಡಿ ಸತ್ತವರಿಗೆ."

"ಮತ್ತೆ ನನ್ನ ಗಂಡ ಎರಡು ವರ್ಷ ಅಲ್ಲಿ ಮೀನು ಹಿಡೀತಿದ್ನಾ?"

"ಗಲಾಟೆ ಮಾಡ್ಬೇಡ, ಹೋಗಮ್ಮ."

"ಗಲಾಟೆ ಎಲ್ಲಿ ಮಾಡ್ದೆ? ಹೂ ಕೇಳ್ದೆ. ಕೊಡೋ ತನಕ ಇಲ್ಲೇ ಇರ್ತೀನಿ."

ಅಷ್ಟು ಹೇಳಿ ಅವಳು ತಟ್ಟೆಯ ಪಕ್ಕದಲ್ಲೇ ನಿಂತಳು. ಸೋನೆ ಮಳೆ ಹಿಡಿಯಿತು. ಹೂ ಕೊಳ್ಳಲು ಬಂದವರು ಅವಳನ್ನು ಸುತ್ತಿ ಬಳಸಿಯೇ ಹೋಗಬೇಕಿತ್ತು. ಕೆಲವರು ಮುಖ ತಿರುಗಿಸಿದರು. ಅವಳ ಜೊತೆಗೆ ಮಗ್ಗ ನಡೆಸುವ ಆಡಾ, "ಮನೆಗೆ ನಡಿಯೇ, ನೆಗಡಿ ಆಗತ್ತೆ" ಎಂದು ತೋಳು ಹಿಡಿದೆಳೆದಳು. ನೆಲ್ಲಿ ಕದಲಲಿಲ್ಲ. ಶಾಲು ನೆನೆದು ಭುಜಕ್ಕೆ ಅಂಟಿತ್ತು. ಒಳಗೊಳಗೇ ಅಳು ಒತ್ತರಿಸಿ ಬರುತ್ತಿತ್ತು. ಡಕ್ವರ್ತಳ ಮುಂದೆ ಮಾತ್ರ ಅಳಬಾರದೆಂದು ಹಲ್ಲು ಕಚ್ಚಿದಳು.

ಸತ್ತವರಿಗಾಗಿ ಹನ್ನೊಂದು ಗಂಟೆಗೆ ಆಚರಿಸುವ ಎರಡು ನಿಮಿಷದ ಮೌನಕ್ಕೆ ಜನ ಸ್ಮಾರಕದತ್ತ ಸರಿಯತೊಡಗಿದರು. ಡಕ್ವರ್ತ್ ತಡೆಯಲಾರದೆ ಕೇಳಿಯೇಬಿಟ್ಟಳು: "ಹಾಗೆ ಯುದ್ಧ ಬಿಟ್ಟು ಹೋದನಲ್ಲ, ಅವನ ಮೇಲೆ ನಿನಗೆ ಸಿಟ್ಟೇ ಬರಲ್ವೇನೇ?"

"ಬರತ್ತೆ. ದಿನಾ ಬರತ್ತೆ. ನಿಮ್ಮ ಹೆರಾಲ್ಡ್ ವಯಸ್ಸು ಸುಳ್ಳು ಹೇಳಿ ಸೈನ್ಯ ಸೇರಿದಾಗ ನಿಮಗೆ ಬರ್ಲಿಲ್ವಾ? ಹಾಗಂತ ಅವನ ಹೆಸರಲ್ಲಿ ಹೂ ಸಿಕ್ಕಿಸ್ಕೊಳ್ಳೋದು ಬಿಟ್ರಾ?"

ಡಕ್ವರ್ತ್ ಒಂದು ಹೂ ತೆಗೆದು ತಟ್ಟೆಯ ಅಂಚಿಗೆ ಇಟ್ಟಳು.

"ತಗೋ. ಆದ್ರೆ ನನ್ನ ಕೈಯಿಂದ ಸಿಕ್ಕಿಸಲ್ಲ."

"ನನಗೇನು ಕೈ ಇಲ್ವಾ?" ಎಂದು ನೆಲ್ಲಿ ತಾನೇ ಹೂವನ್ನು ಶಾಲಿಗೆ ಸಿಕ್ಕಿಸಿಕೊಂಡಳು. ಚಳಿಗೆ ಬೆರಳು ಸೆಟೆದು ಪಿನ್ನು ಎರಡು ಸಲ ಚುಚ್ಚಿತು.

ಸತ್ತವರ ಮನೆಯವರು ನಿಲ್ಲುವ ಮುಂದಿನ ಸಾಲಿಗೆ ಅವಳು ನೇರ ನಡೆದಳು. ಹಿಂದೆ ಹೋಗೆಂದು ಯಾರೋ ಗೊಣಗಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು, ಗಂಡಸರು ಟೊಪ್ಪಿ ತೆಗೆದರು. ಆ ಎರಡು ನಿಮಿಷ ಅವಳನ್ನು ಯಾರೂ ಕಳಿಸುವಂತಿರಲಿಲ್ಲ. ಆಮೇಲೆ ಕಳಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಆ ಇಬ್ಬರು ಹೆಂಗಸರು ಗೆಳತಿಯರೇನೂ ಆಗಲಿಲ್ಲ. ಸೆತ್‌ನ ಹೆಸರಿಗಾಗಿ ನೆಲ್ಲಿ ಪುರಸಭೆಯ ಮೆಟ್ಟಿಲು ಹತ್ತುತ್ತಲೇ ಇದ್ದಳು. ಅವಳು ಬದುಕಿರುವವರೆಗೆ ಅದು ಕಲ್ಲಿಗೆ ಏರಲಿಲ್ಲ. ಆದರೆ ಪ್ರತಿ ನವೆಂಬರಿನಲ್ಲೂ ಮುಂದಿನ ಸಾಲಿನಲ್ಲಿ ಅವಳಿಗೊಂದು ಜಾಗ ಬಿಟ್ಟು ಜನ ನಿಲ್ಲುತ್ತಿದ್ದರು.