ಅವ್ವನ ಹಿಡಿ, ಉಪ್ಪಿನ ಚಿಪ್ಪು

ಮದ್ದೂರು ಸ್ಟೇಷನ್ನಿನ ಎದುರಿಗಿದ್ದ ಹೋಟೆಲಿನಲ್ಲಿ ನಾನು ಕಲಿತದ್ದು ಅಡುಗೆಯನ್ನಲ್ಲ, ಅಡುಗೆ ಹೇಗೆ ಕೆಡುತ್ತದೆ ಅನ್ನುವುದನ್ನು. ಅಪ್ಪ ತೀರಿಕೊಂಡ ಮೇಲೆ ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು ನಾನು. ದೊಡ್ಡವನಾದ ಮೇಲೆ ಆ ಹೋಟೆಲಿನಲ್ಲಿ ಒಲೆ ಮುಂದಿನ ಕೆಲಸ ಸಿಕ್ಕಿತು. ಒಂದು ದಿನ ಹಂಡೆ ತುಂಬ ಸಾರು ಕುದಿಯುತ್ತಿತ್ತು. ಅಡುಗೆಯವರೊಬ್ಬರು ಉಪ್ಪು ಹಾಕಿ ನೀರು ಸೇದಲು ಹೋದರು. ಇನ್ನೊಬ್ಬರು ಬಂದು, ಇನ್ನೂ ಹಾಕಿಲ್ಲವೇನೋ ಎಂದುಕೊಂಡು ಮತ್ತೆ ಹಾಕಿದರು. ಅಷ್ಟರಲ್ಲಿ ಮೈಸೂರಿನ ರೈಲು ಬಂದು ನಿಂತಿತು, ಜನ ಇಳಿದರು. ನೀನು ಹೇಳಬೇಕಿತ್ತು ಎಂದು ಒಬ್ಬರು, ನೀನು ಕೇಳಬೇಕಿತ್ತು ಎಂದು ಇನ್ನೊಬ್ಬರು. ಇಬ್ಬರೂ ಒಳ್ಳೆಯ ಕೆಲಸಗಾರರೇ. ಸಾರು ಮಾತ್ರ ಚರಂಡಿಗೆ ಹೋಯಿತು.

ಹೇಳುವುದು, ಕೇಳುವುದು ಎರಡನ್ನೂ ನಂಬಿ ಹೋಟೆಲು ನಡೆಸಬಾರದು, ನೋಡಿದರೆ ಗೊತ್ತಾಗುವ ಹಾಗಿರಬೇಕು ಅನ್ನುವುದು ಅವತ್ತೇ ನನ್ನ ತಲೆಯಲ್ಲಿ ಕೂತಿತು.

ಎರಡನೇ ಮಹಾಯುದ್ಧ ಶುರುವಾದ ಹೊಸತರಲ್ಲಿ ಅವ್ವನನ್ನು ಕರೆದುಕೊಂಡು ಮಂಡ್ಯಕ್ಕೆ ಬಂದೆ. ಸಕ್ಕರೆ ಕಾರ್ಖಾನೆಯ ರಸ್ತೆಯಲ್ಲಿ ಹೆಂಚಿನ ಒಂದು ಉದ್ದನೆಯ ಕೊಟ್ಟಿಗೆ ಬಾಡಿಗೆಗೆ ಸಿಕ್ಕಿತು. ಸೆಗಣಿ ಸಾರಿಸಿ, ಸುಣ್ಣ ಹೊಡೆದು, ಊಟದ ಮೆಸ್ಸು ಮಾಡಿದೆವು. ಹಿಟ್ಟು ಅಂದರೆ ರಾಗಿ ಮುದ್ದೆ, ಸಾರು, ಒಂದು ಪಲ್ಯ. ಅಡುಗೆ ಅವ್ವನದು, ಉಳಿದದ್ದೆಲ್ಲ ನನ್ನದು. ಕಾರ್ಖಾನೆಯ ಕೂಗು ಮೊಳಗಿದರೆ ಒಂದು ಪಾಳಿಯವರು ಹೊರಗೆ, ಇನ್ನೊಂದು ಪಾಳಿಯವರು ಒಳಗೆ. ಕೂಗಿಗೆ ಸರಿಯಾಗಿ ಮುದ್ದೆ ತಟ್ಟೆಗೆ ಬೀಳಬೇಕು. ರಸ್ತೆಯ ಆಚೆಗೆ ಇನ್ನೊಂದು ಮೆಸ್ಸಿತ್ತು. ಒಂದು ಹೊತ್ತು ನಮ್ಮ ಒಲೆ ಉರಿಯದಿದ್ದರೆ ಗಿರಾಕಿ ರಸ್ತೆ ದಾಟುತ್ತಾನೆ. ದಾಟಿದವನು ತಿರುಗಿ ಬರುವುದು ಅಷ್ಟು ಸುಲಭವಲ್ಲ.

ನಾನು ಮೊದಲು ಮಾಡಿದ ಕೆಲಸ ತೆಂಗಿನ ಚಿಪ್ಪು ತೇಯ್ದದ್ದು. ಅವ್ವ ಒಂದು ಹಂಡೆಗೆ ಹಾಕುವ ಉಪ್ಪು ಒಂದು ತುಂಬು ಹಿಡಿ. ಆ ಹಿಡಿಯನ್ನು ಚಿಪ್ಪಿಗೆ ಸುರಿಸಿದೆ. ಚಿಪ್ಪು ದೊಡ್ಡದಾಯಿತು. ಬಾಯಿಯ ಅಂಚನ್ನು ಕಲ್ಲಿಗೆ ಉಜ್ಜಿ ಉಜ್ಜಿ, ಉಪ್ಪು ಅಂಚಿಗೆ ಸಮ ನಿಲ್ಲುವ ತನಕ ತೇಯ್ದೆ. ಖಾರದ ಪುಡಿಗೆ ಇನ್ನೊಂದು, ಹುಣಸೆಗೆ ಮತ್ತೊಂದು. ಅವ್ವ ಮೂಗು ಮುರಿದಳು.

"ಉಪ್ಪಾಕಾಕೂ ಅಳತೆ ಬೇಕೇನ್ಲಾ? ನನ್ ಕೈ ಏನ್ ಬಿದ್ದೋಗದಾ?"

"ಬಿದ್ದೋಗಿಲ್ಲ ಕಣವ್ವ. ಆದ್ರೆ ನೀನೆದ್ದೋದ್ರೆ ನಿನ್ ಕೈಯೂ ನಿನ್ ಜೊತೇಲೇ ಎದ್ದೋಯ್ತದಲ್ಲ."

ಒಲೆಯ ಪಕ್ಕದ ಗೋಡೆಗೆ ಒಂದು ಹಲಗೆ ಬಡಿದು ಚಿಪ್ಪುಗಳನ್ನು ಸಾಲಾಗಿ ಇಟ್ಟೆ. ಕಟ್ಟಳೆ ಒಂದೇ. ಚಿಪ್ಪು ಬಾಯಿ ಮೇಲಾಗಿ ಕೂತಿದ್ದರೆ ಆ ಸಾಮಾನು ಇನ್ನೂ ಹಂಡೆಗೆ ಬಿದ್ದಿಲ್ಲ. ಹಾಕಿದವರು ಚಿಪ್ಪನ್ನು ಬೋರಲು ಹಾಕಬೇಕು. ಯಾರು ಬಂದರೂ ಹಲಗೆ ನೋಡಿದರೆ ಸಾಕು, ಬಾಯಿ ಬಿಡಬೇಕಾಗಿಲ್ಲ. ಸ್ವಲ್ಪ ದಿನಕ್ಕೆ ಅವ್ವನೇ ಅದಕ್ಕೆ ಒಗ್ಗಿಕೊಂಡಳು. ನಾನು ಮರೆತು ಚಿಪ್ಪನ್ನು ಬೋರಲು ಹಾಕದೆ ಹೋದರೆ ನನಗೇ ಬೈಯುವಳು.

ಗಿರಾಕಿಗಳಲ್ಲಿ ಇಬ್ಬರ ಮಾತು ಇಲ್ಲಿ ಬರಬೇಕು. ಒಬ್ಬರು ಕಾರ್ಖಾನೆಯ ಬಾಯ್ಲರ್ ಕಡೆಯ ಫಿಟ್ಟರು, ಮಳವಳ್ಳಿಯ ಸಾಬರು. ಆ ಕಾಲದ ರೂಢಿಯಂತೆ ತಮ್ಮ ತಟ್ಟೆ ತಾವೇ ತಂದು ಅಡುಗೆಮನೆಯ ಬಾಗಿಲ ಹೊರಗೆ ಕೂತು ಉಣ್ಣುತ್ತಿದ್ದರು. ಹಾಗೆ ಕೂರಿಸಿದ್ದು ನಾವೇ. ಸರಿಯೋ ತಪ್ಪೋ ಎಂದು ಯಾರೂ ಯೋಚಿಸಿರಲಿಲ್ಲ. ಅಲ್ಲಿಂದ ಅವರಿಗೆ ಹಲಗೆ ನೇರ ಕಾಣುತ್ತಿತ್ತು. ನಮ್ಮ ಬಾಯ್ಲರಿನಲ್ಲೂ ವಾಲ್ವಿನ ಹಿಡಿ ಮೇಲಿದ್ದರೆ ಒಂದು ಅರ್ಥ, ಕೆಳಗಿದ್ದರೆ ಒಂದು ಅರ್ಥ, ನೀನು ನಮ್ಮಲ್ಲಿ ಕೆಲಸಕ್ಕೆ ಸೇರಬೇಕಿತ್ತು ಎಂದು ಒಮ್ಮೆ ನಕ್ಕರು. ನನಗೆ ಅದು ದೊಡ್ಡ ಮರ್ಯಾದೆಯಾಗಿ ಕಂಡಿತು. ಇನ್ನೊಬ್ಬ ಕಬ್ಬಿನ ಗಾಡಿ ತೂಗುವ ಕಡೆ ಇದ್ದ ನಿಡಘಟ್ಟದವನು. ಬಾಯಿ ಜೋರು, ಹೊಟ್ಟೆ ಅದಕ್ಕಿಂತ ಜೋರು.

ಮಂಡ್ಯದ ಗದ್ದೆಗಳಿಗೆ ನಾಲೆ ನೀರು ಬಂದ ಮೇಲೆ ಚಳಿಜ್ವರವೂ ಬಂದು ನೆಲೆಸಿತ್ತು. ಮಳೆ ಮುಗಿದು ನೀರು ನಿಂತ ಒಂದು ಸಲ ಅದು ನಮ್ಮ ಮನೆಗೂ ನುಗ್ಗಿತು. ಮೊದಲು ಅವ್ವ ಮಲಗಿದಳು, ಮಾರನೆಯ ದಿನ ನಾನು. ಹಲ್ಲು ಕಟಕಟ ಅನ್ನುವ ನಡುಕ, ಆಮೇಲೆ ಮೈ ಸುಡುವ ಕಾವು. ಪಾತ್ರೆ ತೊಳೆಯುವ ಹೆಂಗಸೂ ಜ್ವರ ಎಂದು ಹಳ್ಳಿಗೆ ಹೋಗಿದ್ದಳು. ಬೆಳಗಿನ ಕೂಗು ಕೇಳಿಸಿತು. ಎದ್ದು ಕೂತೆ, ತಲೆ ತಿರುಗಿ ಮತ್ತೆ ಮಲಗಿದೆ. ರಸ್ತೆಯಾಚೆಯ ಮೆಸ್ಸಿನ ಹೊಗೆ ನಮ್ಮ ಕಿಟಕಿಗೆ ಕಾಣುತ್ತಿತ್ತು. ಮಾಡಿದ್ದೆಲ್ಲ ಹೋಯಿತು ಅಂದುಕೊಂಡೆ.

ಪಾಳಿ ಮುಗಿಸಿ ಬಂದ ಫಿಟ್ಟರು ತಣ್ಣಗಿದ್ದ ಒಲೆ ನೋಡಿ, ಒಳಗೆ ಇಣುಕಿ, ನಮ್ಮಿಬ್ಬರ ಅವಸ್ಥೆ ನೋಡಿದರು. ಹೊಸಿಲಾಚೆಯಿಂದಲೇ ಕೇಳಿದರು.

"ಅಮ್ಮ, ನಾನು ಒಲೆ ಅಚ್ಚಲಾ?"

ನಾನು ಅವ್ವನ ಕಡೆ ನೋಡಿದೆ. ಒಲೆ ಅವಳದು. ಹೊರಗಿನವರಿರಲಿ, ಸ್ವಂತ ನೆಂಟರನ್ನೂ ಅವಳು ಅದರ ಹತ್ತಿರ ಬಿಟ್ಟವಳಲ್ಲ. ಕಂಬಳಿಯೊಳಗಿಂದ ಅವಳ ದನಿ ಬಂತು.

"ಅಚ್ಚಪ್ಪ. ಕೈ ಕಾಲು ತೊಳಕಂಡು ಅಚ್ಚು. ಅಲಗೆ ಮ್ಯಾಗಿನ ಚಿಪ್ಪು ನೋಡ್ಕಂಡು ಮಾಡು."

ಅಷ್ಟರಲ್ಲಿ ನಿಡಘಟ್ಟದವನು ಬಂದು ಬಾಗಿಲಲ್ಲಿ ನಿಂತ. ಒಲೆ ಮುಂದೆ ಯಾರು ಕೂತಿದ್ದಾರೆಂದು ನೋಡಿ ಅವನ ಮುಖ ಗಂಟಾಯಿತು. ನಾನು ರಸ್ತೆಯಾಚೆಗೆ ಹೋಗುತ್ತೇನೆ ಅಂದ. ಅವ್ವ ಮಲಗಿದ್ದಲ್ಲಿಂದಲೇ ಹೇಳಿದಳು.

"ಓಗಪ್ಪ, ಬ್ಯಾಡ ಅನ್ನಲ್ಲ. ನೀನು ಕೆಮ್ಮಿ ಕೆಮ್ಮಿ ಮಲಗಿದ್ದಾಗ ಗಂಜಿ ಕಾಯಿಸಿಕೊಟ್ಟೋಳು ಇಲ್ಲೇ ಅವ್ಳೆ. ಆ ಮೆಸ್ಸಲ್ಲಿ ಯಾರವ್ರೆ ನೋಡ್ಕಂಡು ಬಾ."

ಅವನು ಹೋಗಲಿಲ್ಲ. ಸ್ವಲ್ಪ ಹೊತ್ತು ಗೊಣಗಿ, ತೋಳು ಮಡಿಚಿ, ಹಿಟ್ಟಿನ ಕೋಲು ಕೈಗೆ ತೆಗೆದುಕೊಂಡ. "ಸಾರು ನೀವು ಮಾಡಿ ಸಾಬ್ರೇ, ಮುದ್ದೆ ತಿರುವಾದು ನಿಮ್ ಕೈಲಾಗಲ್ಲ" ಎಂದ. ಅಲ್ಲಿಂದ ಇಬ್ಬರೂ ಬೈದಾಡಿಕೊಂಡೇ ಹಂಡೆ ಇಳಿಸಿದರು. ಮುಂದಿನ ಪಾಳಿಯ ಜನ ಬಂದು ಕೂತರು. ಯಾರು ಮಾಡಿದ್ದೆಂದು ಯಾರಿಗೂ ಮುಚ್ಚಿಡಲಿಲ್ಲ. ಒಬ್ಬಿಬ್ಬರು ಎದ್ದು ಹೋದದ್ದೂ ಉಂಟು. ಉಳಿದವರು ಉಂಡರು. ಹಲಗೆಯ ಮೇಲೆ ಚಿಪ್ಪುಗಳು ಒಂದೊಂದಾಗಿ ಬೋರಲಾಗುವ ಸದ್ದು ನನಗೆ ಮಲಗಿದ್ದಲ್ಲಿಗೆ ಕೇಳುತ್ತಿತ್ತು. ಟಕ್, ಟಕ್. ಆ ಸದ್ದಿನಷ್ಟು ಸಮಾಧಾನವನ್ನು ಡಾಕ್ಟರ ಕಹಿ ಔಷಧಿಯೂ ಕೊಡಲಿಲ್ಲ.

ಹೀಗೆ ಒಂದೆರಡು ದಿನ ನಡೆಯಿತು. ಆಮೇಲೆ ನಿಡಘಟ್ಟದವನ ಹಿಟ್ಟಿನ ಕೋಲು ಹಲಗೆಗೆ ತಾಗಿ ಉಪ್ಪಿನ ಚಿಪ್ಪು ಕೆಳಗೆ ಬಿದ್ದು ಹೋಳಾಯಿತು. ಇಬ್ಬರೂ ಹೋಳು ಹಿಡಿದು ನನ್ನ ಮುಂದೆ ಬಂದು ನಿಂತರು. ಎಷ್ಟು ಉಪ್ಪು ಎಂದು ಕೇಳಿದರು. ನನಗೆ ಗೊತ್ತಿದ್ದರೆ ತಾನೇ? ನಾನು ನಂಬಿದ್ದು ಚಿಪ್ಪನ್ನು. ಚಿಪ್ಪು ನಂಬಿದ್ದು ಅವ್ವನ ಹಿಡಿಯನ್ನು. ಅಂದಾಜಿಗೆ ಹಾಕಿ ಸಾರು ಉಪ್ಪಾದರೆ, ಅಡುಗೆ ಯಾರದೆಂದು ಮೊದಲೇ ಮೂಗೆಳೆಯುತ್ತಿದ್ದವರಿಗೆ ಅದೇ ಸಾಕು; ನಾಳೆ ಅರ್ಧ ಮೆಸ್ಸು ರಸ್ತೆ ದಾಟುತ್ತದೆ.

ಫಿಟ್ಟರು ಉಪ್ಪಿನ ಮಡಕೆಯನ್ನೇ ತಂದು ಅವ್ವನ ಹಾಸಿಗೆಯ ಪಕ್ಕ ಇಟ್ಟರು. ಎದ್ದು ಕೂರುವಂತೆ ಅವಳ ಬೆನ್ನಿಗೆ ಗೋಣಿ ಒತ್ತರಿಸಿದ್ದು ನಿಡಘಟ್ಟದವನು. ಅವ್ವ ಮಡಕೆಯೊಳಗೆ ಕೈ ಹಾಕಿ ಹಿಡಿ ತುಂಬಿದಳು. ನಡುಕಕ್ಕೆ ಉಪ್ಪು ಬೆರಳ ಸಂದಿನಿಂದ ಸೋರಿತು. ಮತ್ತೆ ತುಂಬಿದಳು, ಮತ್ತೆ ಸೋರಿತು. ನಡುಕ ಸ್ವಲ್ಪ ಇಳಿಯುವ ತನಕ ಕಾದೆವು. ಕೊನೆಗೊಮ್ಮೆ ಹಿಡಿ ಗಟ್ಟಿಯಾಯಿತು. ಫಿಟ್ಟರು ಬೊಗಸೆ ಒಡ್ಡಿದರು. ಅವ್ವ ಕೈ ಹಿಂದಕ್ಕೆ ಎಳೆದುಕೊಂಡಳು. ಸಾಬರ ಕೈ ಸೋಕಬಾರದೆಂದೇನೋ ಅಂದುಕೊಂಡೆ.

"ಉಪ್ಪ ಕೈಯಿಂದ ಕೈಗೆ ಕೊಡಬಾರ್ದು ಕಣಪ್ಪ" ಎಂದಳು. "ಜಗಳ ಆಯ್ತದೆ. ನಂಗೆ ನಿನ್ ಜೊತೆ ಜಗಳ ಬ್ಯಾಡ. ಎಲೆ ಇಡಿ."

ಫಿಟ್ಟರ ಮುಖ ಅರಳಿತು. "ನಮ್ಮಮ್ಮನೂ ಇಂಗೇ ಅಂತಾಳೆ, ಅಮ್ಮ" ಎಂದು ಮುತ್ತುಗದ ಎಲೆ ಒಡ್ಡಿದರು. ಉಪ್ಪು ಎಲೆಗೆ ಬಿತ್ತು.

ಅಟ್ಟದ ಮೇಲೆ ತೂತು ಬಿದ್ದ ಅವ್ವನ ಹಿತ್ತಾಳೆ ಚೊಂಬೊಂದಿತ್ತು. ಫಿಟ್ಟರು ಕೇಳಿ ಅದನ್ನು ತೆಗೆದುಕೊಂಡರು. ಚೊಂಬನ್ನು ಕತ್ತರಿಸಿ, ಬಡಿದು, ಅಂಚು ಅರ ಹಾಕಿ ಉಜ್ಜಿ, ಎಲೆಯಲ್ಲಿದ್ದ ಆ ಉಪ್ಪು ಸಮ ನಿಲ್ಲುವವರೆಗೆ ತೇಯ್ದರು. ನಾನು ಕಲ್ಲಿಗೆ ಚಿಪ್ಪು ಉಜ್ಜಿದ ಹಾಗೆಯೇ. ಆಮೇಲೆ ಕಲಾಯಿ ಹಾಕಿಸಿ ತಂದರು. ಅದೇ ಹಿಡಿ ಉಪ್ಪು ಬಿದ್ದ ಆ ದಿನದ ಸಾರು ಉಂಡು ನಿಡಘಟ್ಟದವನು ಎಲ್ಲರಿಗೂ ಕೇಳುವಂತೆ, ಇದು ಅವ್ವನ ಸಾರೇ ಕಣ್ರಲಾ ಅಂದ. ನಾನು ಎದ್ದು ಓಡಾಡುವಂತಾದ ದಿನ ಫಿಟ್ಟರಿಗೆ ಕೈ ಮುಗಿದೆ. ಅವರು ಒಪ್ಪಲಿಲ್ಲ.

"ಚಿಪ್ಪು ನಿಂದು, ಉಪ್ಪು ಅಮ್ಮಂದು. ನಾನು ಬರೀ ಸುರಿದೋನು ಕಣಪ್ಪ."

ಆವತ್ತಿನಿಂದ ಅವರ ತಟ್ಟೆ ನಮ್ಮ ತಟ್ಟೆಗಳ ಸಾಲಿನಲ್ಲೇ ಇತ್ತು. ಒಳಗೆ ಕೂರು ಎಂದವಳು ಅವ್ವ.

ಯುದ್ಧ ಮುಗಿದ ಮೇಲೆ ಅವ್ವ ತೀರಿಕೊಂಡಳು. ಒಲೆ ಆರಲಿಲ್ಲ, ರುಚಿಯೂ ಬದಲಾಗಲಿಲ್ಲ. ಅದು ನನ್ನ ಹೆಮ್ಮೆ, ಅದನ್ನು ಯಾಕೆ ಬಚ್ಚಿಡಲಿ? ಆದರೆ ಆ ಹೆಮ್ಮೆಯಲ್ಲಿ ಎಷ್ಟು ಪಾಲು ಯಾರದೆಂದು ನನಗೆ ಗೊತ್ತು.

ಸ್ವಾತಂತ್ರ್ಯ ಬಂದ ವರ್ಷ ಮಳವಳ್ಳಿಯಲ್ಲಿ ಬಸ್ಸು ನಿಲ್ಲುವ ಕಡೆ ಇನ್ನೊಂದು ಮೆಸ್ಸು ತೆರೆದೆ. ದೂರದ ಊರುಗಳಿಂದ ಆಗ ಹಿಂದೂ ಮುಸಲ್ಮಾನರ ಗಲಭೆಯ ಸುದ್ದಿ ಬರುತ್ತಿತ್ತು. ಫಿಟ್ಟರು ಆ ಹೊತ್ತಿಗೆ ಊರಿಗೆ ಮರಳಿ ಪಂಪುಗಳ ರಿಪೇರಿ ಅಂಗಡಿ ಇಟ್ಟಿದ್ದರು. ಹಳೆಯ ಹಿತ್ತಾಳೆ ಅಳತೆಯನ್ನು ಮಂಡ್ಯದಿಂದ ಬಟ್ಟೆಯಲ್ಲಿ ಸುತ್ತಿ ಒಯ್ದೆ. ಅವರು ಅಂಥದೇ ಇನ್ನೊಂದು ಮಾಡಿದರು. ಹಳೆಯದರಲ್ಲಿ ಉಪ್ಪು ತುಂಬಿ ಹೊಸದಕ್ಕೆ ಸುರಿದು, ಅಂಚಿಗೆ ಸಮ ನಿಂತದ್ದನ್ನು ಇಬ್ಬರೂ ಬಗ್ಗಿ ನೋಡಿದೆವು.

ಅಲ್ಲಿ ಒಲೆ ಹಚ್ಚಿದ ದಿನ ಮೊದಲ ಹಂಡೆಗೆ ಉಪ್ಪು ಹಾಕಿ ಎಂದು ಅವರನ್ನೇ ಕೇಳಿದೆ. ಅವರು ಕೈಕಾಲು ತೊಳೆದು ಬಂದು, ಹಲಗೆಯ ಮೇಲಿನ ಹೊಸ ಅಳತೆಯನ್ನು ತುಂಬಿ ಹಂಡೆಗೆ ಸುರಿದರು. ಆಮೇಲೆ ಅದನ್ನು ಹಲಗೆಯ ಮೇಲೆ ಬೋರಲು ಹಾಕಿದರು. ಟಕ್ ಅಂದಿತು.