ವೃಷಭಾಯದ ಕಾರು

ನಮ್ಮ ಮನೆಗೆ ಕಾರು ಬರುವ ಮೊದಲು ಕಾರಿನ ಕೊಟ್ಟಿಗೆ ಬಂತು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ನಗಬೇಡಿ. ನೀವು ನಗುವ ಎಷ್ಟೋ ವರ್ಷ ಮೊದಲೇ ನಮ್ಮೂರು ಕಬಕ ಇಡೀ ನಕ್ಕು ಮುಗಿಸಿದೆ. ಈಗ ನೀವು ಕಾರು ಕೊಳ್ಳಲು ಹೊರಟು, ಸಣ್ಣದೋ ನಡುಗಾತ್ರದ್ದೋ ದೊಡ್ಡದೋ ಎಂದು ನಿದ್ದೆಗೆಟ್ಟು ನನ್ನನ್ನು ಕೇಳುತ್ತಿದ್ದೀರಿ. ಗಣಿತ ಕಲಿಸಿ ನಿವೃತ್ತಳಾದವಳು ಅಳತೆಯ ವಿಷಯದಲ್ಲಿ ಏನಾದರೂ ಹೇಳಿಯಾಳು ಎಂಬ ನಂಬಿಕೆ ನಿಮ್ಮದು. ಹೇಳುತ್ತೇನೆ, ಆದರೆ ನಮ್ಮ ಮನೆಯ ಕಥೆ ಕೇಳಿದ ಮೇಲೂ ನಿಮಗೆ ಆ ನಂಬಿಕೆ ಉಳಿದರೆ ಅದು ನಿಮ್ಮ ದೊಡ್ಡ ಗುಣ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ನಾನು ಆಗಷ್ಟೇ ಪುತ್ತೂರಿನ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ಅಪ್ಪನಿಗೆ ಒಬ್ಬಳೇ ಅಕ್ಕ, ನನ್ನ ಅತ್ತೆ, ಕೊಡಗಿನ ಗಡಿಯ ಕಲ್ಲುಗುಂಡಿಗೆ ಮದುವೆಯಾಗಿ ಹೋದವರು. ಅತ್ತೆ ಮನಸ್ಸಿನಲ್ಲೂ ಮೈಯಲ್ಲೂ ಧಾರಾಳಿ; ಆದರೆ ಆ ಧಾರಾಳವನ್ನೆಲ್ಲ ಹೊತ್ತು ಹೊತ್ತು ಮೊಣಕಾಲು ಸೋತು, ಬಸ್ಸಿನ ಮೆಟ್ಟಿಲು ಅವರಿಗೆ ಗುಡ್ಡದಷ್ಟು ಎತ್ತರವಾಗಿತ್ತು. ತವರಿಗೆ ಬಾರದೆ ವರ್ಷಗಳೇ ಆಗಿದ್ದವು. ಒಂದು ದಿನ ಆ ದಾರಿಯ ಬಸ್ಸಿನ ಕಂಡಕ್ಟರು ನಮ್ಮ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ, "ನಿಮ್ಮ ಅಕ್ಕ ಹೇಳಿದ್ರು ಮಾರಾಯ್ರೆ, ಇನ್ನು ತವರುಮನೆ ಕನಸಲ್ಲಿ ನೋಡುದು ಮಾತ್ರ ಅಂತ" ಎಂದ. ಅಪ್ಪ ಅಂದು ಊಟಕ್ಕೆ ಕುಳಿತವರು ಅನ್ನ ಕಲಸಿ ಹಾಗೇ ಎದ್ದುಹೋದರು. ಕೈ ತೊಳೆದು ಬಂದು, "ಕಾರು ತೆಗಿಬೇಕು. ಅಕ್ಕ ಬರ್ಬೇಕು" ಎಂದರು.

ಇಷ್ಟು ಹೇಳಿದ ಮನುಷ್ಯ ಮರುದಿನ ಕಾರು ನೋಡಲು ಹೋಗಬೇಕಿತ್ತಲ್ಲವೇ? ಹೋದದ್ದು ಮರಗೆಲಸದ ಆಚಾರಿಯ ಮನೆಗೆ. ಬರುವ ಜೀವಕ್ಕೆ ಮೊದಲು ನೆಲೆ ಆಗಬೇಕು ಎಂಬುದು ಅಪ್ಪನ ನ್ಯಾಯ. ನೆಲೆ ಎಂದರೆ ಸುಮ್ಮನೆ ನಾಲ್ಕು ಕಂಬ ನೆಡುವುದಲ್ಲ. ನಮ್ಮ ಕಡೆ ಯಾವ ಕಟ್ಟಡಕ್ಕೂ ಸುತ್ತಳತೆಯಲ್ಲಿ ಆಯ ಎಂಬ ವಾಸ್ತುಲೆಕ್ಕ ಕೂಡಿಬರಬೇಕು, ಮನುಷ್ಯರಿಗೆ ಧ್ವಜಾಯ, ದನಗಳಿಗೆ ವೃಷಭಾಯ, ಹೀಗೆ. ಕಾರಿಗೆ ಯಾವುದು? ಶಾಸ್ತ್ರ ಮಾಡಿದ ಹಿರಿಯರು ಪೆಟ್ರೋಲಿನ ವಾಸನೆ ನೋಡಿದವರಲ್ಲ. ಹೊಗೆ ಬಿಡುತ್ತದಲ್ಲ, ಧೂಮಾಯವೇ ಆಗಲಿ ಎಂದು ನಾನು ಬಾಯಿ ಹಾಕಿ, ಅದು ಅಶುಭದ ಆಯವೆಂದು ಬೈಸಿಕೊಂಡೆ. ದೊಡ್ಡ ಕಾರಾದರೆ ಗಜಾಯ ಒಪ್ಪುತ್ತದೆ ಎಂದರು ಆಚಾರಿ. ಆದರೆ ನಮ್ಮ ಅಂಗಳದಲ್ಲಿ ಗಜಾಯ ಕೂಡಿಬರಬೇಕಾದರೆ ಒಂದು ಗೋಡೆ ಬಾವಿಯೊಳಗೆ ನಿಲ್ಲಬೇಕಿತ್ತು. ಕೊನೆಗೆ ಕಾರಿಗೂ ನಾಲ್ಕು ಕಾಲು, ಅದೂ ಕುಡಿಯುತ್ತದೆ, ಗುರುಗುಟ್ಟುತ್ತದೆ, ಹಾಗಾಗಿ ಅದು ದನದ ಜಾತಿಯೇ ಎಂದು ತೀರ್ಮಾನವಾಗಿ ವೃಷಭಾಯದ ಕೊಟ್ಟಿಗೆ ಎದ್ದಿತು. ಅಮ್ಮ ಅದರೊಳಗೆ ದೀಪವನ್ನೂ ಇಟ್ಟರು.

ಆಮೇಲೆ ಕಾರಿನ ಬೇಟೆ. ಕೊಟ್ಟಿಗೆಯ ಉದ್ದಗಲಕ್ಕೆ ಗಂಟು ಹಾಕಿದ ಹಗ್ಗವೊಂದನ್ನು ಹಿಡಿದು ಅಪ್ಪ ಪುತ್ತೂರು ಪೇಟೆಗೆ ಹೊರಟರು. ಮಾನ ಕಾಯಲು ಜೊತೆಗೆ ನಾನು, ಕಾರಿನ ಯೋಗ್ಯತೆ ನೋಡಲು ನಮ್ಮೂರಿನ ಡ್ರೈವರ್ ಇದ್ದಿನಬ್ಬ. ಹಳೇ ಕಾರು ಮಾರಿಸಿಕೊಡುವ ಬ್ರೋಕರು ಅಪ್ಪನ ಕೈಯನ್ನೇ ನೋಡಿ, "ಎಂತ ಧಣಿಗಳೇ, ದನ ಹೊಡ್ಕೊಂಡು ಹೋಗ್ಲಿಕ್ಕೆ ಬಂದದ್ದಾ?" ಎಂದು ಕೇಳಿದ. ಅಪ್ಪನಿಗೆ ಅದು ತಮಾಷೆ ಎನಿಸಲೇ ಇಲ್ಲ. ದೊಡ್ಡ ವಿಲಾಯ್ತಿ ಕಾರೊಂದಿತ್ತು, ಒಳಗೆ ಸಣ್ಣ ಮದುವೆಯನ್ನೇ ಮಾಡಬಹುದಿತ್ತು. ಅದರ ಮೂಗು ಹಗ್ಗದಿಂದ ಒಂದು ಮಾರು ಆಚೆ. ನಡುಗಾತ್ರದ್ದು ಉದ್ದಕ್ಕೆ ಒಪ್ಪಿತು, ಅಗಲಕ್ಕೆ ಮುನಿಸಿಕೊಂಡಿತು. ಜೀಪು ಎಲ್ಲದಕ್ಕೂ ಒಪ್ಪಿತಾದರೂ, ಅದರ ಮೆಟ್ಟಿಲು ಬಸ್ಸಿನ ತಮ್ಮನಂತಿತ್ತು. ಕಡೆಗೆ ಮೂಲೆಯಲ್ಲಿ ಕುಳಿತಿದ್ದ ಬೇಬಿ ಕಾರು ಹಗ್ಗದ ಗಂಟಿಗೆ ಗಂಟು ಸರಿಯಾಗಿ ಕೂತಿತು. "ವೃಷಭಾಯ!" ಎಂದು ಅಪ್ಪ ಉದ್ಗರಿಸಿದರು. ಇದ್ದಿನಬ್ಬ ಮಾತ್ರ ಒಳಗೆ ತೂರಿ, ಸ್ಟೇರಿಂಗು ಹೊಟ್ಟೆಗೆ ಒತ್ತುತ್ತಿದ್ದಂತೆ, "ಇದು ಹೋರಿ ಅಲ್ಲ ಧಣಿ, ಆಡಿನ ಮರಿ" ಎಂದು ಗೊಣಗಿದ. ಹಗ್ಗ ಹಿಡಿದಿದ್ದ ನಮಗಾರಿಗೂ ಅತ್ತೆಯ ಅಳತೆ ನೆನಪಾಗಲಿಲ್ಲ ಎಂಬುದೇ ಈಗಲೂ ನನಗೆ ಸೋಜಿಗ.

ಒಳ್ಳೆಯ ದಿನ ನೋಡಿ ಅಪ್ಪ, ಇದ್ದಿನಬ್ಬ ಇಬ್ಬರೂ ಕಲ್ಲುಗುಂಡಿಗೆ ಹೋದರು. ಇತ್ತ ಅಮ್ಮ ಬೆಳಗಿನಿಂದ ಅಡುಗೆಮನೆ ಬಿಟ್ಟು ಹೊರಬರಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಹಿಂಬದಿ ನೆಲಕ್ಕೆ ತಾಗುವಂತೆ ಕುಸಿದುಕೊಂಡು, ಮೂಗು ಆಕಾಶಕ್ಕೆ ಎತ್ತಿಕೊಂಡು ನಮ್ಮ ಕಾರು ಅಂಗಳಕ್ಕೆ ಬಂತು. ಹಿಂದಿನ ಸೀಟಿನ ಎರಡು ಬಾಗಿಲಿನ ನಡುವೆ ಅತ್ತೆ, ಅತ್ತೆ, ಮತ್ತೂ ಅತ್ತೆ. ಮುಂದಿನ ಸೀಟಿನಲ್ಲಿ ಉಪ್ಪಿನಕಾಯಿ ಭರಣಿ, ಭರಣಿಯ ಮೇಲೆ ಹಪ್ಪಳದ ಕಟ್ಟು, ಕಟ್ಟಿನ ಮೇಲೆ ಕಾಲು ಕಟ್ಟಿದ ಹುಂಜ. ಸಂದುಗೊಂದಿಗೆಲ್ಲ ಕೊಡಗಿನ ಕಿತ್ತಳೆ. ಅಪ್ಪ ಎಲ್ಲೂ ಕಾಣಲಿಲ್ಲ.

"ಅಪ್ಪ ಎಲ್ಲಿ?" ಎಂದೆ ಗಾಬರಿಯಿಂದ.

"ಬಸ್ಸಿನಲ್ಲಿ ಬರ್ತಾರೆ" ಎಂದ ಇದ್ದಿನಬ್ಬ, ಹುಂಜವನ್ನು ಬಹಳ ಮರ್ಯಾದೆಯಿಂದ ಇಳಿಸುತ್ತ.

ಆದದ್ದಿಷ್ಟು. ತವರಿಗೆ ಬರಿಗೈಯಲ್ಲಿ ಬರುವ ಹೆಣ್ಣಲ್ಲ ಅತ್ತೆ. ಸಾಮಾನು ಇಳಿಸಿದರೆ ತಾನೂ ಇಳಿಯುತ್ತೇನೆ ಎನ್ನುತ್ತಾರೆ; ಅವರು ಕುಳಿತರೆ ಇನ್ನೊಬ್ಬರಿಗೆ ಸ್ಥಳವಿಲ್ಲ; ಡ್ರೈವರನನ್ನು ಬಿಟ್ಟರೆ ಕಾರು ಹೋಗುವುದಿಲ್ಲ. ಭರಣಿಯನ್ನಾದರೂ ಬಸ್ಸಿಗೆ ಹಾಕೋಣವೆಂದರೆ, "ಭರಣಿ ಒಡೀತದೆ. ನೀನು ಒಡೆಯುದಿಲ್ಲ" ಎಂದರಂತೆ ಅತ್ತೆ. ಹಾಗೆ ಕಾರಿನ ಯಜಮಾನರು ಟಿಕೆಟು ತೆಗೆದು, ಸುಳ್ಯದವರೆಗೂ ನಿಂತುಕೊಂಡೇ ಬಂದರಂತೆ.

ಗಾತ್ರ ಎಂಬ ವಿಚಾರವೇ ಹೀಗೆ. ಕೊಟ್ಟಿಗೆಗೆ ಎಷ್ಟು ಹಿಡಿಸುತ್ತದೆ, ದಾರಿಗೆ ಎಷ್ಟು, ನೆರೆಯವರ ಕಣ್ಣಿಗೆ ಎಷ್ಟು ಎಂದೆಲ್ಲ ಅಳೆಯುತ್ತೇವೆ. ಯಾರನ್ನು ಕೂರಿಸಲು ಹೊರಟೆವೋ ಅವರು ಮಾತ್ರ ಲೆಕ್ಕದಿಂದ ಹೊರಗೆ ನಿಂತಿರುತ್ತಾರೆ. ನೀವು ಕಾರು ನೋಡಲು ಹೋಗುವಾಗ ಮನೆಯ ಅತಿ ದಪ್ಪ ಮನುಷ್ಯರನ್ನೂ ಅವರ ಭರಣಿಯನ್ನೂ ಕರೆದುಕೊಂಡು ಹೋಗಿ. ನನ್ನಲ್ಲಿರುವ ಗಣಿತ ಅಷ್ಟೇ.

ಸಂಜೆ ಅಪ್ಪ ಬಂದರು. ಕಬಕದಲ್ಲಿ ಬಸ್ಸಿಳಿದು ಮನೆಯವರೆಗೆ ನಡೆದು, ತಲೆಯಿಂದ ಕಾಲಿನವರೆಗೆ ಕೆಂಪು ಧೂಳಾಗಿ, ಅಂಗಳದ ತುದಿಯಲ್ಲಿ ಅಪರಾಧಿಯಂತೆ ನಿಂತರು. ಜಗಲಿಯಲ್ಲಿ ಕುಳಿತಿದ್ದ ಅತ್ತೆ ಯಾರ ಕೈಯನ್ನೂ ಹಿಡಿಯದೆ, ಕಂಬ ಹಿಡಿದು ತಾವೇ ಎದ್ದರು. ಒಳಗೆ ಹೋಗಿ, ತಾವು ಹುಟ್ಟಿದ ಮನೆಯ ಅಡುಗೆಮನೆಯಿಂದ, ದೂರದಿಂದ ಬಂದ ನೆಂಟರಿಗೆ ಕೊಡುವ ಹಾಗೆ ಒಂದು ತುಂಡು ಬೆಲ್ಲವನ್ನೂ ಚೆಂಬು ನೀರನ್ನೂ ತಂದು ತಮ್ಮನ ಮುಂದೆ ಹಿಡಿದರು.

"ಕಾಲು ತೊಳ್ಕೊಂಡು ಬಾ. ಬಸ್ಸಲ್ಲಿ ಸುಸ್ತಾಯ್ತಾ?"

"ಕಾರು ಸಣ್ಣದಾಯ್ತು ಅಕ್ಕ" ಎಂದರು ಅಪ್ಪ, ತಲೆ ತಗ್ಗಿಸಿ.

"ಅದು ವಾಪಾಸು ಹೋಗ್ಲಿಕ್ಕೆ ಸಣ್ಣದು ಮಾರಾಯ" ಎಂದರು ಅತ್ತೆ. "ಬರ್ಲಿಕ್ಕೆ ಬೇಕಾದಷ್ಟು ದೊಡ್ಡದುಂಟು."

ಅಪ್ಪ ಬೆಲ್ಲವನ್ನು ಬಾಯಿಗೆ ಹಾಕಿಕೊಂಡರು. ನಗುತ್ತಾರೆಂದು ನಾವೆಲ್ಲ ಕಾದಿದ್ದರೆ, ಅತ್ತುಬಿಟ್ಟರು.